ನಾಲ್ಕು ತಾಲ್ಲೂಕು, ನಲವತ್ತೆಂಟು ಎಲೆ

‘ಇಸ್ಪೀಟು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಕಡೆಯ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. “ಇಸ್ಪೀಟ ಆಡೋ ಮನಿ ಉದ್ಧಾರ ಆದದ್ದು ಯಾರರ ನೋಡೀರೇನು?” ಎಂಬ ಪ್ರಶ್ನೆ ಕೇಳದೆ ಬೆಳೆದ ಮಕ್ಕಳು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಕಡಿಮೆ. ಆ ಪ್ರಶ್ನೆಯಲ್ಲಿ ಸುಳ್ಳೇನೂ ಇಲ್ಲ. ಮೂರೆಲೆ, ಅಂದರ್ ಬಾಹರ್ ಆಟಕ್ಕೆ ಕುಳಿತು ಬಿತ್ತನೆಯ ಹಣ ಕಳೆದವರು, ಹೆಂಡತಿಯ ಕೊರಳಿನ ಬಂಗಾರ ಒತ್ತೆ ಇಟ್ಟವರು ಯಾವ ಊರಿನಲ್ಲಿಲ್ಲ? ಧರ್ಮರಾಯನಂಥವನೇ ಪಗಡೆಯ ಹಾಸಿನ ಮೇಲೆ ರಾಜ್ಯ ಕಳೆದುಕೊಂಡ ಕತೆಯನ್ನು ನಮ್ಮ ಬಯಲಾಟದವರು ರಾತ್ರಿಯಿಡೀ ಆಡಿ ತೋರಿಸಿದ್ದಾರೆ.

ಆದರೆ ತಪ್ಪು ಎಲೆಯದೋ, ಎಲೆಯ ಪಕ್ಕದಲ್ಲಿಟ್ಟ ಹಣದ್ದೋ? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲಿಯೇ ಹೇಳಿತ್ತು. ಹಾಗಿದ್ದರೂ ಹಣದ ಆಸೆ ಸೇರಿದ ಕೂಡಲೇ ಯಾವ ಕೌಶಲವೂ ಮನೆಯನ್ನು ಉಳಿಸುವುದಿಲ್ಲ. ಜಗಲಿಯ ಮೇಲೆ ಕೂಡಿ ಆಡುವುದನ್ನು ಹಿರಿಯರು ಬೈದು ಬಿಡಿಸಿದರು. ಅದೇ ಆಟ ಹಣದ ಸಮೇತ ಮೊಬೈಲಿನೊಳಗೆ ಹೊಕ್ಕು ಹಾಸಿಗೆಯವರೆಗೆ ಬಂತು. ಕೊನೆಗೆ 2025ರ ಆಗಸ್ಟ್ ತಿಂಗಳಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನೇ ಮಾಡಬೇಕಾಯಿತು.

ಇನ್ನೊಂದು ನಷ್ಟವೂ ಆಯಿತು. ಸಂಜೆ ಊಟದ ಮೊದಲು ಅಜ್ಜ, ಅವ್ವ, ಮಕ್ಕಳು, ಮೊಮ್ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳಲು ಇದ್ದ ನೆಪಗಳು ಒಂದೊಂದಾಗಿ ಕಳಚಿದವು. ಚೌಕಾಬಾರದ ಮನೆ ಗೀಚಿದ ಕಲ್ಲುಚಪ್ಪಡಿಯ ಮೇಲೆ ಟೈಲ್ಸ್ ಬಂತು. ಅಳಗುಳಿಮಣೆ ಅಟ್ಟ ಸೇರಿತು. ಈಗ ಒಂದೇ ಕೋಣೆಯಲ್ಲಿ ನಾಲ್ಕು ಮಂದಿ, ನಾಲ್ಕು ಪರದೆ.

ಹಾಗಾದರೆ ಹಣವಿಲ್ಲದ, ಮಾತಿರುವ ಒಂದು ಎಲೆಯಾಟವನ್ನು ಮನೆಯವರೇ ಕೂಡಿ ತಯಾರಿಸಿಕೊಂಡರೆ ಹೇಗೆ? ಇದು ಹೊಸ ವಿಚಾರವಲ್ಲ. ಇದರಲ್ಲಿ ಕನ್ನಡ ನಾಡಿನ ಅರಸನೊಬ್ಬ ಎಲ್ಲರಿಗಿಂತ ಮುಂದೆ ಹೋಗಿದ್ದ.

ಗುಂಡಾದ ಎಲೆಗಳ ಕತೆ

ನಾವು ಇಂದು ಬಲ್ಲ 52 ಎಲೆಗಳ ಕಟ್ಟು ಯುರೋಪಿನವರ ಕೊಡುಗೆ. ಅದಕ್ಕಿಂತ ಮೊದಲೇ ನಮ್ಮ ದೇಶದಲ್ಲಿ ಬೇರೊಂದು ಎಲೆಯಾಟ ಹರಡಿತ್ತು. ಅದರ ಹೆಸರು ಗಂಜೀಫ. ಮೊಗಲ್ ದೊರೆ ಬಾಬರ ಸಿಂಧ್ ಪ್ರಾಂತ್ಯದ ತನ್ನ ಸ್ನೇಹಿತನಿಗೆ ಗಂಜೀಫದ ಎಲೆಗಳನ್ನು ಕಳಿಸಿಕೊಟ್ಟದ್ದನ್ನು 1527ರಲ್ಲಿ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಆ ಶತಮಾನದ ಕೊನೆಯಲ್ಲಿ ಅಬುಲ್ ಫಜಲ್ ಬರೆದ ಐನ್-ಇ-ಅಕ್ಬರಿಯಲ್ಲಿ 12 ಬಣ್ಣ, ಬಣ್ಣಕ್ಕೆ 12ರಂತೆ 144 ಎಲೆಗಳ ಆಟದ ವಿವರಣೆ ಇದೆ. ಬಣ್ಣವೆಂದರೆ ನಮ್ಮ ಕ್ಲಾವರ್, ಡೈಮಂಡ್ ಇದ್ದಂತೆ ಎಲೆಗಳ ಒಂದು ಗುಂಪು.

ಮುಂದೆ ಎರಡು ಬಗೆಯ ಕಟ್ಟುಗಳು ಹೆಚ್ಚು ಬಳಕೆಗೆ ಬಂದವು. ಒಂದು 8 ಬಣ್ಣ, 96 ಎಲೆಗಳ ಮೊಗಲ್ ಗಂಜೀಫ. ಇನ್ನೊಂದು 10 ಬಣ್ಣ, 120 ಎಲೆಗಳ ದಶಾವತಾರ ಗಂಜೀಫ. ಮತ್ಸ್ಯ, ಕೂರ್ಮ, ವರಾಹದಿಂದ ಕಲ್ಕಿಯವರೆಗೆ ಒಂದೊಂದು ಅವತಾರಕ್ಕೆ ಒಂದೊಂದು ಬಣ್ಣ. ಪ್ರತಿ ಬಣ್ಣದಲ್ಲೂ ಒಬ್ಬ ರಾಜ, ಒಬ್ಬ ಮಂತ್ರಿ, ಮತ್ತೆ ಒಂದರಿಂದ ಹತ್ತರವರೆಗೆ ಅಂಕಿಯ ಎಲೆಗಳು. ಸಾಮಾನ್ಯವಾಗಿ ಮೂವರು ಆಡುವ ಆಟ. 120 ಎಲೆಗಳಾದರೆ ತಲೆಗೆ 40. ತುರುಪು ಇಲ್ಲ. ಯಾವ ಎಲೆ ಹೋಗಿದೆ, ಯಾವುದು ಉಳಿದಿದೆ ಎಂಬ ನೆನಪೇ ಆಟಗಾರನ ಬಂಡವಾಳ.

ಇದರಲ್ಲೊಂದು ಸ್ವಾರಸ್ಯವಿದೆ. ಅರ್ಧ ಬಣ್ಣಗಳಲ್ಲಿ ರಾಜ-ಮಂತ್ರಿಯ ನಂತರ 10 ದೊಡ್ಡದು, 1 ಚಿಕ್ಕದು. ಉಳಿದರ್ಧದಲ್ಲಿ ಲೆಕ್ಕ ತಿರುಗುಮುರುಗು. 1 ದೊಡ್ಡದು, 10 ಚಿಕ್ಕದು. ಹಗಲು ಆಡಿದರೆ ರಾಮನ ಎಲೆ ಹಿಡಿದವನು ಆಟ ಆರಂಭಿಸಬೇಕು, ರಾತ್ರಿಯಾದರೆ ಕೃಷ್ಣನ ಎಲೆ ಹಿಡಿದವನು. ಆಡುತ್ತಾ ಆಡುತ್ತಾ ಮಕ್ಕಳಿಗೆ ಹತ್ತು ಅವತಾರಗಳ ಕತೆ ಬಾಯಿಪಾಠವಾಗುತ್ತಿತ್ತು.

ಗಂಜೀಫದ ಎಲೆಗಳು ಹೆಚ್ಚಾಗಿ ಗುಂಡಾಗಿರುತ್ತಿದ್ದವು. ಮೂಲೆಯೇ ಇಲ್ಲದ ಮೇಲೆ ಮೂಲೆ ಮುದುರುವ ಭಯ ಎಲ್ಲಿಯದು? ಶ್ರೀಮಂತರಿಗೆ ದಂತದ ಮೇಲೆ, ಆಮೆಯ ಚಿಪ್ಪಿನ ಮೇಲೆ ಬರೆದ ಕಟ್ಟುಗಳಿದ್ದವು. ಜನಸಾಮಾನ್ಯರಿಗೆ ಬಟ್ಟೆ ಅಥವಾ ಕಾಗದದ ಪದರಗಳನ್ನು ಅಂಟಿಸಿ, ಮೇಲೆ ಸುಣ್ಣದ ಪುಡಿಯ ಲೇಪ ಕೊಟ್ಟು, ಬಣ್ಣ ಬರೆದು ಅರಗಿನ ಹೊಳಪು ಹಚ್ಚಿದ ಕಟ್ಟುಗಳು. ಆ ಪದರಗಳನ್ನು ಹಿಡಿದಿಡುತ್ತಿದ್ದ ಅಂಟು ಯಾವುದು? ನಮ್ಮ ಹುಣಸೆ ಬೀಜದ್ದು!

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಆಟವನ್ನು ಎಲ್ಲಿಂದ ಎಲ್ಲಿಗೆ ಒಯ್ದರೆಂದರೆ ಓದಿದರೆ ಬೆರಗಾಗುತ್ತದೆ. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಬಾರಿ ನಡೆಸುವ ಸಮಸ್ಯೆಗೆ ಪರಿಹಾರಗಳನ್ನು ರಚಿಸಿದ ದೊರೆ ಅವರು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ‘ಕೌತುಕನಿಧಿ’ ಎಂಬ ಒಂದು ಭಾಗವೇ ಆಟಗಳಿಗೆ ಮೀಸಲು. ಅಲ್ಲಿ ವಿವರಿಸಿರುವ ‘ಛದ’ ಎಂಬ ಎಲೆಯಾಟಗಳಲ್ಲಿ ಕೆಲವಕ್ಕೆ 18 ಬಣ್ಣಗಳವರೆಗೆ ಬೇಕು. ದೊಡ್ಡ ಕಟ್ಟಿನಲ್ಲಿ 360 ಎಲೆಗಳು! ದೇವತೆಗಳು, ಪಾಂಡವರು, ಗ್ರಹಗಳು ಎಲ್ಲರೂ ಎಲೆಗಳ ಮೇಲೆ ಬಂದರು. ಆದರೆ ಇಷ್ಟು ಜಟಿಲವಾದ ಆಟ ಅರಮನೆಯ ಹೊಸ್ತಿಲು ದಾಟಿ ಜನರ ಜಗಲಿಗೆ ಇಳಿಯಲಿಲ್ಲ. ಅಷ್ಟರಲ್ಲಿ ಯಂತ್ರದಲ್ಲಿ ಅಚ್ಚಾದ ಅಗ್ಗದ ಯುರೋಪಿಯನ್ ಕಟ್ಟುಗಳು ಪೇಟೆಗೆ ಬಂದವು. ತಿಂಗಳುಗಟ್ಟಲೆ ಕುಳಿತು ಕೈಯಿಂದ ಬರೆಯುವ ಚಿತ್ರಗಾರ ಅವುಗಳ ಮುಂದೆ ನಿಲ್ಲುವುದು ಹೇಗೆ?

ಆದರೂ ಗಂಜೀಫ ಪೂರ್ತಿ ಸಾಯಲಿಲ್ಲ. ಮಹಾರಾಷ್ಟ್ರದ ಸಾವಂತವಾಡಿ, ಬಂಗಾಳದ ಬಿಷ್ಣುಪುರ, ಒಡಿಶಾದ ರಘುರಾಜಪುರಗಳಲ್ಲಿ ಕುಂಚ ಇನ್ನೂ ಆಡುತ್ತಿದೆ. ಮೈಸೂರು ಶೈಲಿಯ ಗಂಜೀಫವನ್ನು ಕಲಾವಿದ ರಘುಪತಿ ಭಟ್ಟರು ಮತ್ತೆ ಜನರ ಕಣ್ಣಿಗೆ ತಂದರು. ಮೈಸೂರು ಗಂಜೀಫಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಕಿನ್ನಾಳದ ಅಂಟು

ಮೈಸೂರಿನ ಮಾತು ದೂರದ್ದೆನಿಸಿದರೆ ಕೊಪ್ಪಳಕ್ಕೆ ಸಮೀಪದ ಕಿನ್ನಾಳಕ್ಕೆ ಬನ್ನಿ. ಇಲ್ಲಿನ ಚಿತ್ರಗಾರ ಮನೆತನಗಳು ಹಗುರ ಮರದ ಗೊಂಬೆ, ದೇವರ ವಿಗ್ರಹ, ತೊಟ್ಟಿಲುಗಳಿಗೆ ಬಣ್ಣ ಹಾಕುತ್ತಾ ಬಂದಿವೆ. ಹಂಪಿಯ ವಿರೂಪಾಕ್ಷ ದೇವಾಲಯದ ಚಾವಣಿಯ ಚಿತ್ರಗಳು ಇವರ ಪೂರ್ವಿಕರದೆಂಬ ನಂಬಿಕೆಯುಂಟು. ಕಿನ್ನಾಳದ ಕೆಲಸಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ.

ಮರದ ಹೊಟ್ಟು, ನಾರಿನ ಪುಡಿ, ಹುಣಸೆ ಬೀಜದ ಸರಿ ಕೂಡಿಸಿ ಇವರು ಮಾಡುವ ಹದಕ್ಕೆ ‘ಕಿಟ್ಟ’ ಎನ್ನುತ್ತಾರೆ. ಬಿಡಿ ಭಾಗಗಳನ್ನು ಕೂಡಿಸಲು ಅದೇ ಬೇಕು. ಮೇಲೆ ಹತ್ತಿ ಬಟ್ಟೆಯ ಚೂರುಗಳನ್ನು ಹುಣಸೆ ಸರಿಯಿಂದಲೇ ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಗಂಜೀಫದ ಎಲೆಯನ್ನು ಸಿದ್ಧಪಡಿಸುವ ಕ್ರಮವೂ ಹೆಚ್ಚು ಕಡಿಮೆ ಇದೇ. ಅಂದರೆ ಎಲೆಗಳ ಕಟ್ಟಿಗೆ ಬೇಕಾದ ಮೂಲವಿದ್ಯೆ ನಮ್ಮ ಜಿಲ್ಲೆಯ ನೆಲದಲ್ಲೇ ಇದೆ.

ಹುಣಸೆ ಬೀಜ ಅಂಟಾಗುವುದು ಏಕೆ? ಅದರ ತಿರುಳಿನಲ್ಲಿ ಉದ್ದುದ್ದ ಸರಪಳಿಯಂಥ ಸಕ್ಕರೆಯ ಅಣುಗಳಿವೆ. ಬಿಸಿನೀರಿನಲ್ಲಿ ಈ ಸರಪಳಿಗಳು ಬಿಚ್ಚಿಕೊಂಡು ನೀರನ್ನು ಹಿಡಿದು ಸರಿಯಾಗುತ್ತವೆ. ಒಣಗಿದಾಗ ಕಾಗದ, ಬಟ್ಟೆಯ ನಾರುಗಳನ್ನು ಬಿಗಿದಪ್ಪುತ್ತವೆ. ಕಾಗದ, ಹತ್ತಿ ಕೂಡ ಅಂಥದೇ ಸಕ್ಕರೆಯ ಸರಪಳಿಗಳಿಂದಾದವು. ಹೀಗಾಗಿ ಒಂದಕ್ಕೊಂದು ಒಗ್ಗುತ್ತವೆ. ಮಗ್ಗದ ನೂಲಿಗೆ ಗಂಜಿ ಹಚ್ಚಲು ಹುಣಸೆ ಬೀಜದ ಪುಡಿ ಬಳಸುವುದೂ ಇದೇ ಗುಣಕ್ಕಾಗಿ.

ನಮ್ಮದೊಂದು ಕಟ್ಟು

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಅದರಲ್ಲಿದ್ದವು ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಕುಕನೂರು, ಕನಕಗಿರಿ, ಕಾರಟಗಿ ಆಮೇಲೆ ತಾಲ್ಲೂಕುಗಳಾದವು. ಎಲೆಯ ಕಟ್ಟಿಗೂ ನಾಲ್ಕು ಬಣ್ಣ ಬೇಕಲ್ಲವೇ? ಆ ಮೊದಲಿನ ನಾಲ್ಕು ತಾಲ್ಲೂಕುಗಳೇ ನಾಲ್ಕು ಬಣ್ಣಗಳಾಗಲಿ. ಗಂಜೀಫದಂತೆ ಪ್ರತಿ ಬಣ್ಣಕ್ಕೆ ರಾಜ, ಮಂತ್ರಿ, ಹತ್ತು ಅಂಕಿ. ಒಟ್ಟು 48 ಎಲೆ.

ಈ 48 ಎಂಬ ಸಂಖ್ಯೆಯ ಗುಣ ನೋಡಿ. ಇಬ್ಬರು ಆಡಿದರೆ ತಲೆಗೆ 24, ಮೂವರಿಗೆ 16, ನಾಲ್ವರಿಗೆ 12, ಆರು ಮಂದಿ ಕುಳಿತರೆ 8. ಎಲ್ಲೂ ಶೇಷ ಉಳಿಯುವುದಿಲ್ಲ. ಮನೆಗೆ ನೆಂಟರು ಬಂದರೂ ಆಟ ಕೆಡುವುದಿಲ್ಲ.

ಗುರುತುಗಳನ್ನು ಮಕ್ಕಳೇ ಆರಿಸಲಿ. ಉದಾಹರಣೆಗೆ ಕೊಪ್ಪಳಕ್ಕೆ ಕಿನ್ನಾಳದ ಗೊಂಬೆ, ಭತ್ತದ ನಾಡಾದ ಗಂಗಾವತಿಗೆ ಭತ್ತದ ತೆನೆ, ಕುಷ್ಟಗಿಗೆ ದಾಳಿಂಬೆ, ಯಲಬುರ್ಗಾಕ್ಕೆ ಇಟಗಿ ಗುಡಿಯ ಕಡೆದ ಕಂಬ. ರಾಜ-ಮಂತ್ರಿಗಳಾಗಿ ಊರುಗಳೇ ಬರಲಿ. ಕೊಪ್ಪಳದ ರಾಜ ಕೋಟೆ. ಮಂತ್ರಿ ಗವಿಮಠದ ಬೆಟ್ಟ. ಅಲ್ಲಿನ ಬಂಡೆಯ ಮೇಲೂ ಹತ್ತಿರದ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿರುವುದು 1931ರಲ್ಲಿ ಬೆಳಕಿಗೆ ಬಂತು. ಗಂಗಾವತಿಯ ರಾಜ ಆನೆಗೊಂದಿ. ಮಂತ್ರಿ ಹಿರೇಬೆಣಕಲ್ಲಿನ ಶಿಲಾಯುಗದ ಕಲ್ಲುಮನೆಗಳು ಎನ್ನುತ್ತಾರೆ ಜನ. ಸರಿಯಾಗಿ ಹೇಳಬೇಕೆಂದರೆ ಅವು ಬೃಹತ್ ಶಿಲಾ ಸಮಾಧಿಗಳ ಕಾಲದವು. 2021ರಲ್ಲಿ ಆ ತಾಣ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದೆ. ಕುಷ್ಟಗಿಯ ರಾಜ ಕಬ್ಬರಗಿಯ ಕಪಿಲತೀರ್ಥ, ಮಂತ್ರಿ ಪುರದ ಸೋಮೇಶ್ವರ ಗುಡಿ. ಯಲಬುರ್ಗಾದ ರಾಜ 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ, ಮಂತ್ರಿ ಕುಕನೂರಿನ ನವಲಿಂಗ ಗುಡಿಗಳು. ಈ ಎರಡೂ ಊರು ಈಗ ಕುಕನೂರು ತಾಲ್ಲೂಕಿನವು. ನಮ್ಮ ಕಟ್ಟಿನಲ್ಲಿ ಮಾತ್ರ ಹಳೆಯ ಲೆಕ್ಕ.

ಅಂಕಿಯ 40 ಎಲೆಗಳ ಕೆಳಗೆ ಮನೆಯವರ ಬಗ್ಗೆ ಒಂದೊಂದು ಸಾಲಿನ ಪ್ರಶ್ನೆ ಬರೆಯಿರಿ. ಅಜ್ಜಿಯ ತವರೂರು ಯಾವುದು? ಅಜ್ಜ ಶಾಲೆಗೆ ಎಷ್ಟು ಹರದಾರಿ ನಡೆಯುತ್ತಿದ್ದರು? ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ಮೊದಲು ನೀರು ಹರಿದಾಗ ನಮ್ಮ ಮನೆತನದವರು ಎಲ್ಲಿದ್ದರು? ಸೋದರಮಾವನ ಊರಿನ ಜಾತ್ರೆ ಯಾವ ತಿಂಗಳು? ಈ ಪ್ರಶ್ನೆಗಳನ್ನು ಸಿದ್ಧಪಡಿಸಲು ಮಕ್ಕಳು ಹಿರಿಯರ ಮುಂದೆ ಹಾಳೆ-ಪೆನ್ನು ಹಿಡಿದು ಕುಳಿತುಕೊಳ್ಳಬೇಕಾಗುತ್ತದೆ. ಕಟ್ಟು ಅಚ್ಚಾಗುವ ಮೊದಲೇ ಅರ್ಧ ಲಾಭ ಬಂದಂತಾಯಿತು.

ಚಿತ್ರಗಳನ್ನು ಎಲ್ಲಿಂದಲೋ ನಕಲು ತೆಗೆಯಬೇಡಿ. ಬೇರೆಯವರು ತೆಗೆದ ಫೋಟೊ, ಬರೆದ ಚಿತ್ರದ ಮೇಲೆ ಅವರ ಹಕ್ಕಿರುತ್ತದೆ. ಮಗ ಬರೆದ ಕೋಟೆ ಸೊಟ್ಟಗಾದರೂ ಅದು ಮನೆಯ ಕೋಟೆ.

ಕಣ್ಣಿಗೂ ಕೈಗೂ ಒಗ್ಗಬೇಕು

ಎಲೆಯ ವಿನ್ಯಾಸದಲ್ಲಿ ಕೆಲವು ಸೂಕ್ಷ್ಮಗಳಿವೆ. ಆಟಗಾರ ಎಲೆಗಳನ್ನು ಬೀಸಣಿಗೆಯಂತೆ ಹಿಡಿದಾಗ ಕಾಣುವುದು ಎಡಮೂಲೆಯ ಒಂದು ಪಟ್ಟಿ ಮಾತ್ರ. ಆದ್ದರಿಂದ ಅಂಕಿ ಮತ್ತು ಗುರುತು ಆ ಮೂಲೆಯಲ್ಲಿರಬೇಕು. ತಲೆಕೆಳಗಾಗಿ ಹಿಡಿದರೂ ಕಾಣುವಂತೆ ಎದುರು ಮೂಲೆಯಲ್ಲೂ ಇರಬೇಕು. ಯುರೋಪ್, ಅಮೆರಿಕಗಳ ಎಲೆಗಳಲ್ಲಿ ಈ ಮೂಲೆಯ ಅಂಕಿ ಸಾಮಾನ್ಯವಾದದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ.

ಅಂಕಿಗಳನ್ನು ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ೧ರಿಂದ ೧೦ ಕಲಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ೬ ಮತ್ತು ೯ ಅವಸರದಲ್ಲಿ ಒಂದೇ ಆಗಿ ಕಾಣುತ್ತವೆ. ಅವುಗಳ ಅಡಿಗೆ ಒಂದು ಗೆರೆ ಎಳೆಯಿರಿ. ಚಾಳೀಸು ಹಾಕುವ ಅಜ್ಜನಿಗೂ ಕಾಣುವಷ್ಟು ಅಕ್ಷರ ದಪ್ಪವಿರಲಿ.

ನಾಲ್ಕು ಗುಂಪುಗಳನ್ನು ಬರೀ ಬಣ್ಣದಿಂದ ಬೇರ್ಪಡಿಸುವುದು ಸಾಲದು. ಕೆಲವರಿಗೆ, ಅದರಲ್ಲೂ ಗಂಡಸರಲ್ಲಿ, ಕೆಂಪು-ಹಸಿರಿನ ವ್ಯತ್ಯಾಸ ಹುಟ್ಟಿನಿಂದಲೇ ತಿಳಿಯುವುದಿಲ್ಲ. ಈ ದೋಷವನ್ನು ಸಾಗಿಸುವ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಿಗೆ ಅದು ಒಂದೇ ಇರುವುದರಿಂದ ಮುಚ್ಚಿಕೊಳ್ಳಲು ಇನ್ನೊಂದಿಲ್ಲ. ಆದ್ದರಿಂದ ಬಣ್ಣವೂ ಬೇರೆ, ಆಕಾರವೂ ಬೇರೆ ಇರಲಿ. ದಾಳಿಂಬೆ ಮತ್ತು ತೆನೆ ಕಪ್ಪುಬಿಳುಪಿನಲ್ಲಿಯೂ ಗುರುತು ಸಿಕ್ಕರೆ ವಿನ್ಯಾಸ ಗೆದ್ದಂತೆ.

ಬೆನ್ನಿನ ಚಿತ್ರ ಎಲ್ಲ ಎಲೆಗೂ ಒಂದೇ. ಒಂದು ಎಲೆಯ ಬೆನ್ನ ಮೇಲೆ ಎಣ್ಣೆಯ ಕಲೆ ಬಿದ್ದರೂ ಆಟದ ನ್ಯಾಯ ಕೆಟ್ಟಿತು!

ಡಿ.ಟಿ.ಪಿ. ಅಂಗಡಿಯಲ್ಲಿ

ಪೇಟೆಯಲ್ಲಿ ಸಿಗುವ ಎಲೆಯ ಸಾಮಾನ್ಯ ಅಳತೆ 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ. ಕತ್ತರಿಸುವ ಯಂತ್ರ ಒಂದೆರಡು ಮಿ.ಮೀ. ಅತ್ತಿತ್ತ ಸರಿಯುವುದು ಸಹಜ. ಅದಕ್ಕಾಗಿ ಹಿನ್ನೆಲೆಯ ಬಣ್ಣವನ್ನು ನಾಲ್ಕೂ ಬದಿಗೆ 3 ಮಿ.ಮೀ. ಹೆಚ್ಚು ಚಾಚಬೇಕು. ಆಗ ಅಳತೆ 69 ಮತ್ತು 94 ಮಿ.ಮೀ. ಆಗುತ್ತದೆ. ಅಕ್ಷರ, ಗುರುತುಗಳು ಅಂಚಿನಿಂದ ಒಳಕ್ಕೆ ಕನಿಷ್ಠ 4 ಮಿ.ಮೀ. ದೂರವಿರಲಿ. ಬೆನ್ನಿಗೆ ಚೌಕಟ್ಟಿನ ಗೆರೆ ಬೇಡವೇ ಬೇಡ. ಸ್ವಲ್ಪ ಸರಿದರೂ ಒಂದು ಬದಿ ದಪ್ಪ, ಒಂದು ಬದಿ ಸಣ್ಣ ಕಾಣುತ್ತದೆ.

ಈಗೊಂದು ಲೆಕ್ಕ. ಡಿಜಿಟಲ್ ಪ್ರೆಸ್ಸುಗಳಲ್ಲಿ ಬಳಕೆಯಲ್ಲಿರುವ ಹಾಳೆ 12 x 18 ಇಂಚು, ಅಂದರೆ ಸುಮಾರು 305 x 457 ಮಿ.ಮೀ. ಉದ್ದಕ್ಕೆ 69ರಂತೆ 6 ಎಲೆ (414), ಅಗಲಕ್ಕೆ 94ರಂತೆ 3 ಎಲೆ (282). ಒಂದು ಹಾಳೆಗೆ 18. ಮೂರು ಹಾಳೆಗೆ 54. ನಮಗೆ ಬೇಕಾದದ್ದು 48. ಉಳಿದ 6ರಲ್ಲಿ ಒಂದರ ಮೇಲೆ ಆಟದ ನಿಯಮ, ಒಂದರ ಮೇಲೆ ಕಟ್ಟು ಮಾಡಿದವರ ಹೆಸರು, ದಿನಾಂಕ. ಇನ್ನು ನಾಲ್ಕನ್ನು ಬೆನ್ನು ಮಾತ್ರ ಅಚ್ಚು ಹಾಕಿಸಿ, ಮುಖ ಖಾಲಿ ಬಿಡಿ. ಮನೆಯಲ್ಲಿ ಎಲೆ ಕಳೆದೇ ಕಳೆಯುತ್ತದೆ. ಆಗ ಖಾಲಿ ಎಲೆಯ ಮೇಲೆ ಬರೆದುಕೊಳ್ಳಬಹುದು.

ಚಿತ್ರಗಳ ಸ್ಪಷ್ಟತೆ ಇಂಚಿಗೆ 300 ಚುಕ್ಕಿ ಇರಬೇಕು. ಹಾಗೆಂದರೆ ಒಂದು ಎಲೆಗೆ, ಚಾಚು ಸೇರಿ, ಸುಮಾರು 815 x 1110 ಚುಕ್ಕಿ. ಮೊಬೈಲಿನ ಪರದೆಯಲ್ಲಿ ಹೊಳೆಯುವ ಹಸಿರು ಕಾಗದದ ಮೇಲೆ ಮಂಕಾಗುವುದುಂಟು. ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ಮಾಡುತ್ತದೆ. ಅಚ್ಚಿನ ಶಾಯಿ ಬಿಳಿಯ ಬೆಳಕಿನಿಂದ ಕೆಲವು ಬಣ್ಣಗಳನ್ನು ಹೀರಿಕೊಂಡು ಉಳಿದದ್ದನ್ನು ತೋರಿಸುತ್ತದೆ. ಒಂದು ಕೂಡುವ ಲೆಕ್ಕ, ಒಂದು ಕಳೆಯುವ ಲೆಕ್ಕ. ಆದ್ದರಿಂದ ಮೊದಲು ಒಂದೇ ಹಾಳೆ ತೆಗೆಸಿ ನೋಡಿ, ಆಮೇಲೆ ಉಳಿದದ್ದು.

ಕನ್ನಡ ಅಕ್ಷರಕ್ಕೆ ಇನ್ನೊಂದು ಎಚ್ಚರ ಬೇಕು. ಮನೆಯ ಕಂಪ್ಯೂಟರಿನಲ್ಲಿ ಚೆನ್ನಾಗಿದ್ದ ಒತ್ತಕ್ಷರ ಅಂಗಡಿಯಲ್ಲಿ ಕಡತ ತೆರೆದಾಗ ಒಡೆದು ಚೂರಾಗುವುದನ್ನು ಲಗ್ನಪತ್ರಿಕೆ ಮಾಡಿಸಿದವರೆಲ್ಲ ಕಂಡಿರುತ್ತಾರೆ. ಹಳೆಯ ನುಡಿ ಅಕ್ಷರಶೈಲಿಗೂ ಯುನಿಕೋಡಿಗೂ ಸಂಕೇತಗಳು ಬೇರೆ ಬೇರೆ. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಅಕ್ಷರಶೈಲಿ ಒಳಗೇ ಅಡಕವಾಗಿರುವ ಪಿ.ಡಿ.ಎಫ್. ಕಡತ ಒಯ್ಯುವುದು ಒಳ್ಳೆಯದು. ಅಚ್ಚಿಗೆ ಹಾಕುವ ಮೊದಲು ‘ಯಲಬುರ್ಗಾ’ದ ಅರ್ಕಾವತ್ತು, ‘ಕೊಪ್ಪಳ’ದ ಪಕಾರದ ಒತ್ತು ಸರಿ ಇವೆಯೇ ಎಂದು ಹಿರಿಯರೊಬ್ಬರು ಕಣ್ಣಾಡಿಸಲಿ.

ಕಾಗದ 300 ಜಿ.ಎಸ್.ಎಂ. ಆರ್ಟ್ ಕಾರ್ಡ್ ಇದ್ದರೆ ಸಾಕು. ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದು. ದೊಡ್ಡ ಕಂಪನಿಗಳ ಎಲೆಗಳಲ್ಲಿ ಎರಡು ಪದರಗಳ ನಡುವೆ ಕಪ್ಪು ಅಂಟಿನ ತೆಳು ಪೊರೆ ಇರುತ್ತದೆ. ದೀಪದ ಎದುರು ಹಿಡಿದರೂ ಮುಖ ಬೆನ್ನಿಗೆ ಕಾಣಬಾರದೆಂದು. ನಮ್ಮ ಕಾಗದದಲ್ಲಿ ಅದಿಲ್ಲ. ಬೆನ್ನಿಗೆ ಗಾಢ ಬಣ್ಣ ಹಾಕಿದರೆ ಬಹುಮಟ್ಟಿಗೆ ಆ ಕೊರತೆ ನೀಗುತ್ತದೆ. ಎರಡೂ ಬದಿ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ, ಮೂಲೆಗಳನ್ನು ಗುಂಡಾಗಿ ಕತ್ತರಿಸಿದರೆ ಕಟ್ಟು ಸಿದ್ಧ. ದರವನ್ನು ಎರಡು ಮೂರು ಕಡೆ ಮೊದಲೇ ವಿಚಾರಿಸಿ.

ಖರ್ಚೇ ಬೇಡವೆನ್ನುವವರಿಗೂ ದಾರಿ ಇದೆ. ಮನೆಯಲ್ಲಿ ರಾಶಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳನ್ನು ಒಂದೇ ಅಳತೆಗೆ ಕತ್ತರಿಸಿ. ಹುಣಸೆ ಬೀಜ ಹುರಿದು ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ನೀರಿನಲ್ಲಿ ಕುದಿಸಿದರೆ ಅಂಟು. ಎರಡೆರಡು ಪತ್ರಿಕೆಗಳನ್ನು ಅಚ್ಚಿನ ಬದಿ ಒಳಗಾಗುವಂತೆ ಅಂಟಿಸಿ, ಮೇಲೆ ಬಿಳಿ ಹಾಳೆ ಹಚ್ಚಿ, ಭಾರವಾದ ಪುಸ್ತಕದ ಕೆಳಗೆ ಎರಡು ದಿನ ಇಡಿ. ಅವಸರಪಟ್ಟು ಬಿಸಿಲಿಗಿಟ್ಟರೆ ಒಂದು ಮುಖ ಬೇಗ ಒಣಗಿ ಎಲೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಹುರಿಯುವ, ಕುದಿಸುವ ಕೆಲಸ ದೊಡ್ಡವರದು.

ಆಟವೂ ಲೆಕ್ಕವೂ

ನಿಯಮ ಸರಳ. ಎಲೆ ಕಲಸಿ ಎಲ್ಲವನ್ನೂ ಹಂಚಿರಿ. ಹಗಲಾದರೆ ಗಂಗಾವತಿಯ ರಾಜನಿದ್ದವರು, ರಾತ್ರಿಯಾದರೆ ಕೊಪ್ಪಳದ ರಾಜನಿದ್ದವರು ಆರಂಭಿಸಲಿ. ಅವರು ಇಳಿಸಿದ ಬಣ್ಣವನ್ನೇ ಉಳಿದವರೂ ಇಳಿಸಬೇಕು. ಇಲ್ಲದಿದ್ದರೆ ಬೇರೆ ಎಲೆ. ಆರಂಭದ ಬಣ್ಣದಲ್ಲಿ ದೊಡ್ಡ ಎಲೆ ಹಾಕಿದವರಿಗೆ ಆ ಕೈ. ಮುಂದಿನ ಎಲೆ ಅವರದು. ತುರುಪು ಇಲ್ಲ.

ದೊಡ್ಡದು ಯಾವುದು? ಕಾಲುವೆಯ ನೀರು ಕಂಡ ಗಂಗಾವತಿ, ಕೊಪ್ಪಳಗಳಲ್ಲಿ 10 ದೊಡ್ಡದು. ಮಳೆಯನ್ನೇ ನಂಬಿದ ಎರೆಹೊಲ, ಮಸಾರಿ ಹೊಲಗಳ ಕುಷ್ಟಗಿ, ಯಲಬುರ್ಗಾಗಳಲ್ಲಿ ಒಂದೊಂದು ಹನಿಗೂ ಬೆಲೆ. ಅಲ್ಲಿ 1 ದೊಡ್ಡದು. ಗಂಜೀಫದ ತಿರುಗುಮುರುಗು ಲೆಕ್ಕ ನಮ್ಮ ನೆಲಕ್ಕೆ ಹೀಗೆ ಹೊಂದುತ್ತದೆ.

ರಾಜ ಅಥವಾ ಮಂತ್ರಿಯನ್ನು ಇಳಿಸುವವರು ಆ ತಾಲ್ಲೂಕಿನ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಒಮ್ಮೆ ಹೇಳಿದ್ದು ಆ ದಿನ ಮತ್ತೆ ಸಲ್ಲದು. ಹೇಳಲಾಗದಿದ್ದರೆ ಕೈ ಇಲ್ಲ. ಅಂಕಿಯ ಎಲೆಯಿಂದ ಕೈ ಗೆದ್ದವರು ಅದರ ಮೇಲಿನ ಪ್ರಶ್ನೆಗೆ ಉತ್ತರಿಸಬೇಕು. ಒಂದು ಮನೆಯನ್ನು ಊಹಿಸಿಕೊಳ್ಳಿ. ಕೊಪ್ಪಳದ ಮಂತ್ರಿಯನ್ನು ಇಳಿಸಿದ ಹುಡುಗ ತಡವರಿಸುತ್ತಾನೆ. “ಕವಿರಾಜಮಾರ್ಗದಾಗ ನಮ್ಮೂರ ಹೆಸರು ಕೊಪಣ ಅಂತ ಐತಲ್ಲೋ ತಮ್ಮಾ, ಸಾಲ್ಯಾಗ ಹೇಳಿಲ್ಲೇನು?” ಎಂದು ಅಜ್ಜ ನಗುತ್ತಾರೆ. ಅಜ್ಜಿಯ ಸರದಿ ಬಂದಾಗ ಅವರು ಹೇಳುವುದು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಹೊಳೆ ದಾಟಿ ತವರಿಗೆ ಹೋದ ದಿನದ ಕತೆ ಅದು. ಕೈ ಯಾರದೆಂಬುದನ್ನು ಎಲ್ಲರೂ ಮರೆಯುತ್ತಾರೆ.

ಪ್ರೌಢಶಾಲೆಯ ಮಕ್ಕಳಿಗೆ ಇಲ್ಲಿ ಗಣಿತವೂ ಇದೆ. 48 ಎಲೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು? 48 x 47 x 46 ಎಂದು 1ರವರೆಗೆ ಗುಣಿಸಿದರೆ ಬರುವ ಸಂಖ್ಯೆಯಲ್ಲಿ 62 ಅಂಕಿಗಳು! ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷವೆನ್ನುತ್ತಾರೆ. ಅದನ್ನು ಸೆಕೆಂಡುಗಳಲ್ಲಿ ಬರೆದರೂ 18 ಅಂಕಿಗಳೇ. ಚೆನ್ನಾಗಿ ಕಲಸಿದ ಕಟ್ಟು ಇದೇ ಕ್ರಮದಲ್ಲಿ ಹಿಂದೆಂದೂ ಬಂದಿರಲಾರದು. ಆದರೆ ಚೆನ್ನಾಗಿ ಎಂದರೆ ಎಷ್ಟು? ಕಟ್ಟನ್ನು ಎರಡು ಭಾಗ ಮಾಡಿ ಎಲೆಗಳನ್ನು ಒಂದರೊಳಗೊಂದು ಹೆಣೆಯುವ ರೀತಿಯಲ್ಲಿ 52 ಎಲೆಗಳಿಗೆ ಸುಮಾರು 7 ಸಲ ಬೇಕೆಂದು ಬೇಯರ್ ಮತ್ತು ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು.

ನಾಲ್ವರ ಆಟದಲ್ಲಿ ನಿಮ್ಮ 12 ಎಲೆಗಳಲ್ಲಿ ಒಬ್ಬ ರಾಜನೂ ಬರದಿರುವ ಸಾಧ್ಯತೆ ಎಷ್ಟು? (36 x 35 x 34 x 33) ಅನ್ನು (48 x 47 x 46 x 45)ರಿಂದ ಭಾಗಿಸಿ. ನೂರಕ್ಕೆ ಸುಮಾರು 30. ಇಪ್ಪತ್ತು ಸಲ ಹಂಚಿದರೆ ಒಟ್ಟು 80 ಕೈಗಳು. ಅವುಗಳಲ್ಲಿ ರಾಜನಿಲ್ಲದವು 24ರ ಆಸುಪಾಸು ಇರಬೇಕು. ಎಣಿಸಿ ಬರೆದಿಟ್ಟು ನೋಡಿ. ಕಿಸೆಯ ಹಣ ಕಟ್ಟಿ ಅದೃಷ್ಟ ಪರೀಕ್ಷಿಸುವವನಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಆಡಿಸುವವನಿಗೆ ಗೊತ್ತಿರುತ್ತದೆ. ಮಕ್ಕಳನ್ನು ಜೂಜಿನಿಂದ ದೂರವಿಡಲು ಬೈಗುಳಕ್ಕಿಂತ ಈ ತಿಳಿವಳಿಕೆ ಹೆಚ್ಚು ಕಾಲ ಬಾಳುತ್ತದೆ.

ಗೆದ್ದ ಕೈಗಳ ಲೆಕ್ಕ ಇಡಲು ಹಣ ಬೇಡ, ಹುಣಸೆ ಬೀಜ ಸಾಕು. ಆಟ ಮುಗಿದ ಮೇಲೆ ಬೀಜ ಮತ್ತೆ ಡಬ್ಬಿಗೆ. ಅಂಟು ಬೇಕಾದಾಗ ಅದೇ ಬೀಜ ಒಲೆಗೆ. ಈ ಸಲದ ರಜೆಯಲ್ಲಿ ಮಕ್ಕಳು ಮೊದಲು ಮಾಡಬೇಕಾದ ಕೆಲಸ ಇಷ್ಟೇ: ಒಂದು ಹಾಳೆ, ಒಂದು ಪೆನ್ನು ಹಿಡಿದು ಅಜ್ಜಿಯ ಪಕ್ಕದಲ್ಲಿ ಕುಳಿತು ಮೊದಲ ಪ್ರಶ್ನೆ ಕೇಳುವುದು.